ಪಾಲಾಕ್ಷನ ಲ್ಯಾಂಡಿಂಗ್

ಸಂಪಂಗಿರಾಮ ಮೇಷ್ಟ್ರು ತೀರಿಕೊಂಡ ಹದಿನೆಂಟನೆಯ ದಿನ, ಒಂದು ಭಾನುವಾರ ಬೆಳಿಗ್ಗೆ, ಅವರ ಸ್ಪಿಟ್‌ಫೈರ್ ವಿಮಾನ ಅವರಿಲ್ಲದೆಯೇ ಹಾರಿತು.

ತುಮಕೂರಿನ ಹೊರಗೆ ಹೂಳು ತುಂಬಿ ಮೈದಾನವಾಗಿಬಿಟ್ಟಿದ್ದ ಒಂದು ಕೆರೆಯಂಗಳ. ಅಲ್ಲಿ ಮಾದರಿ ಯುದ್ಧವಿಮಾನಗಳನ್ನು ಹಾರಿಸುವ ಸಂಘದ ಹನ್ನೊಂದು ಮಂದಿ ಸಾಲಾಗಿ ನಿಂತಿದ್ದರು. ಮೇಷ್ಟ್ರ ವಿಮಾನ ಫೋಮಿನದು, ಈ ರೆಕ್ಕೆಯ ತುದಿಯಿಂದ ಆ ರೆಕ್ಕೆಯ ತುದಿಗೆ ನಾಲ್ಕು ಅಡಿ, ಮೂಗಿನಲ್ಲಿ ಬ್ಯಾಟರಿಯಿಂದ ತಿರುಗುವ ಸಣ್ಣ ಮೋಟಾರು. ಹೈಸ್ಕೂಲಿನಲ್ಲಿ ಡ್ರಾಯಿಂಗ್ ಕಲಿಸುತ್ತಿದ್ದ ಮೇಷ್ಟ್ರು ಅದರ ರೆಕ್ಕೆಯ ಮೇಲೆ ಗುಂಡು ತಗುಲಿದ ತೂತುಗಳನ್ನೂ ಕುಂಚದಲ್ಲಿ ಬರೆದಿದ್ದರು. ವಾಚ್ ರಿಪೇರಿಯ ಇಲಿಯಾಸ್ ಅದನ್ನು ತಲೆಯ ಮೇಲೆತ್ತಿ ಗಾಳಿಗೆ ತೂರಿದ. ಹಾರಿಸುವ ರೇಡಿಯೋ ಯಾರ ಕೈಯಲ್ಲೂ ಇರಲಿಲ್ಲ.

ವಿಮಾನ ಏರಿತು, ಸುತ್ತು ಹಾಕಿತು, ಒಮ್ಮೆ ಹೊಟ್ಟೆ ಮೇಲಾಗಿ ಹೋಯಿತು. ಎಡಕ್ಕೆ ತಿರುಗುವಾಗಲೆಲ್ಲ ಒಂದು ಕ್ಷಣ ತಡವರಿಸಿ ಆಮೇಲೆ ತಿರುಗುತ್ತಿತ್ತು.

ಕುರ್ಚಿಯಲ್ಲಿ ಕೂತಿದ್ದ ಮೇಷ್ಟ್ರ ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡರು. "ಅವರೇ ಕಣಪ್ಪ. ಸ್ಕೂಟರಲ್ಲೂ ಹಿಂಗೇ, ಎಡಗಡೆ ಅಂದ್ರೆ ಅನುಮಾನ."

"ಅಮ್ಮ, ಆ ಸ್ಕೂಟರಲ್ಲಿ ಹಿಂದೆ ಕೂತು ನಾನು ಎರಡು ಸಲ ಬಿದ್ದಿದ್ದೀನಿ," ಎಂದ ಇಲಿಯಾಸ್. ಅಳುತ್ತಿದ್ದವರೂ ನಕ್ಕರು.

ಇದನ್ನು ಸಾಧ್ಯ ಮಾಡಿದ್ದು ಬೆಂಕಿಪೊಟ್ಟಣದಷ್ಟು ದೊಡ್ಡ ಒಂದು ಕಪ್ಪು ಪೆಟ್ಟಿಗೆ. ಕಂಪನಿ ಅದಕ್ಕೆ ಇಟ್ಟ ಇಂಗ್ಲಿಷ್ ಹೆಸರು ಉದ್ದವಾಗಿತ್ತು. ಸಂಘದವರು ಪಡಿಗೈ ಎಂದು ಕರೆದರು, ಅದೇ ನಿಂತಿತು. ಮೂಲ ಕೈಗೆ ಪ್ರತಿಯಾಗಿ ಇನ್ನೊಂದು ಕೈ. ಅದನ್ನು ವಿಮಾನದೊಳಗೆ ಕೂರಿಸಿ ಐವತ್ತು ಸಲ ಹಾರಿಸಬೇಕು. ನಿಮ್ಮ ಎರಡು ಹೆಬ್ಬೆರಳು ರೇಡಿಯೋದ ಕಡ್ಡಿಗಳನ್ನು ಹೇಗೆ ಆಡಿಸುತ್ತವೆ, ಆ ಹೊತ್ತಿಗೆ ವಿಮಾನದ ಮೂಗಿನಲ್ಲಿರುವ ಕ್ಯಾಮೆರಾಕ್ಕೆ ಏನು ಕಾಣುತ್ತದೆ, ಇವೆರಡನ್ನೂ ಅದು ಜೋಡಿಸಿಕೊಳ್ಳುತ್ತದೆ. ಐವತ್ತೊಂದನೆಯ ಸಲ ನೀವು ಬೇಕಾಗಿಲ್ಲ. ನಿಮ್ಮ ಜಾಣತನ, ನಿಮ್ಮ ಅಂಜಿಕೆ, ನಿಮ್ಮ ತಡವರಿಕೆ ಎಲ್ಲವೂ ಒಳಗೆ ಸೇರಿಕೊಂಡಿರುತ್ತವೆ. ಯಾವುದು ಗುಣ, ಯಾವುದು ದೋಷ ಎಂದು ಪೆಟ್ಟಿಗೆ ಕೇಳುವುದಿಲ್ಲ.

ಅಂದು ಸಾಲಿನ ಕೊನೆಯಲ್ಲಿ ಊರುಗೋಲಿನ ಮೇಲೆ ಭಾರ ಬಿಟ್ಟು ನಿಂತಿದ್ದವನು ಪಾಲಾಕ್ಷ. ವಯಸ್ಸು ನಲವತ್ತಾರು. ಮೂರನೆಯ ವರ್ಷದಲ್ಲಿ ಬಂದ ಪೋಲಿಯೋದಿಂದ ಎಡಗಾಲು ಸೊರಗಿತ್ತು. ಹಗಲು ಬೋರ್‌ವೆಲ್ ಮೋಟಾರುಗಳಿಗೆ ತಂತಿ ಸುತ್ತುವ ಅಂಗಡಿ, ಸಂಜೆ ಪಾಲಿಟೆಕ್ನಿಕ್ಕು. ಹಾಗೆ ಆರು ವರ್ಷ ಓದಿ ಡಿಪ್ಲೊಮಾ ಮಾಡಿದವನು. ಎಷ್ಟು ಓದಿದರೂ ಹಗಲು ಕಾಲೇಜಿಗೆ ಹೋದವರಿಗೆ ಗೊತ್ತಿರುವುದು ತನಗೆ ಗೊತ್ತಿಲ್ಲವೇನೋ ಎಂಬ ಅಳುಕು ಅವನನ್ನು ಬಿಟ್ಟಿರಲಿಲ್ಲ. ಮೋಟಾರಿನ ಸುತ್ತುಗಳನ್ನು ಮೂರು ಸಲ ಎಣಿಸುವನು. ಮನೆಗೆ ಬೀಗ ಹಾಕಿ ಬಂದಮೇಲೂ ಒಮ್ಮೆ ಹಿಂದಿರುಗಿ ಎಳೆದು ನೋಡುವನು.

ವಿಮಾನದ ವಿಷಯದಲ್ಲಿ ಮಾತ್ರ ಅವನಿಗೆ ಸರಿಸಾಟಿ ಇರಲಿಲ್ಲ. ಸಂಘದಲ್ಲಿ ಒಂದು ಪದ್ಧತಿ ಇತ್ತು. ಅವರವರ ವಿಮಾನವನ್ನು ಅವರವರೇ ಎತ್ತಿಕೊಂಡು ಬರಬೇಕು, ಇನ್ನೊಬ್ಬರು ಮುಟ್ಟುವಂತಿಲ್ಲ. ಉಳಿದವರು ಮೈದಾನದ ನಡುವೆ ಎಲ್ಲೋ ಇಳಿಸಿ "ಮೈದಾನಕ್ಕೆ ಜನ ಇಳೀತಿದ್ದಾರೆ!" ಎಂದು ಕೂಗಿ ನಡೆದು ಹೋಗುತ್ತಿದ್ದರು. ಪಾಲಾಕ್ಷನಿಗೆ ಆ ಹೆಂಟೆ ನೆಲದಲ್ಲಿ ಊರುಗೋಲು ಊರಿಕೊಂಡು ಹೋಗುವುದು ಕಷ್ಟ. ನಾನು ತಂದುಕೊಡ್ತೀನಿ ಅನ್ನುವವರಿಗೇನೂ ಕೊರತೆಯಿರಲಿಲ್ಲ. ಅದನ್ನು ಕೇಳುವುದು ಅವನಿಗೆ ಇನ್ನೂ ಕಷ್ಟ. ಅದಕ್ಕೇ ಅವನು ತನ್ನ ಮಸ್ಟಾಂಗ್ ವಿಮಾನವನ್ನು ನೇರವಾಗಿ ತನ್ನ ಕಾಲ ಬುಡಕ್ಕೇ ಇಳಿಸುವುದನ್ನು ಕಲಿತ. ವಿಮಾನ ನಮ್ಮತ್ತ ಬರುವಾಗ ಎಡಬಲ ಅದಲುಬದಲಾಗುತ್ತದೆ. ಕೈ ಬಲಕ್ಕೆ ಆಡಿಸಿದರೆ ಅದು ನಮ್ಮ ಎಡಕ್ಕೆ ವಾಲುತ್ತದೆ. ಎಂಥೆಂಥವರೂ ಅಲ್ಲಿ ಎಡವುತ್ತಾರೆ. ಪಾಲಾಕ್ಷ ಒಂಬತ್ತು ವಿಮಾನ ಮುರಿದ, ಹತ್ತನೆಯದರಲ್ಲಿ ಗೆದ್ದ. ಬಲಗಾಲಿನ ಮೇಲೆ ಭಾರ, ಸೊಂಟ ಒಂದು ಪಕ್ಕಕ್ಕೆ, ಕೊರಳಿನಿಂದ ಇಳಿಬಿಟ್ಟ ರೇಡಿಯೋ ಹೊಟ್ಟೆಯ ಮುಂದೆ, ಎರಡೂ ಕೈ ಅದರ ಮೇಲೆ, ಮುಖ ಆಕಾಶಕ್ಕೆ. ವಿಮಾನ ಬಂದು ಅವನ ಚಪ್ಪಲಿಗೆ ಮೂಗು ತಾಗಿಸಿ ನಿಲ್ಲುತ್ತಿತ್ತು.

"ಸಾಕಿದ ನಾಯಿನೂ ಇಷ್ಟು ನಿಯತ್ತಾಗಿ ಬರಲ್ಲ ಕಣಣ್ಣ," ಎನ್ನುತ್ತಿದ್ದ ಇಲಿಯಾಸ್.

ಪಾಲಾಕ್ಷನೂ ಸೇರಿದಂತೆ ಪಡಿಗೈ ಬಳಸುತ್ತಿದ್ದ ದೇಶದ ನಾಲ್ಕು ಸಾವಿರ ಹವ್ಯಾಸಿಗಳ ಕೈಗಳು ಕಂಪನಿಯ ಸಂಗ್ರಹದಲ್ಲಿದ್ದವು. ಅಷ್ಟರಲ್ಲಿ ಮನುಷ್ಯನ ಕಾಲ ಬುಡಕ್ಕೆ ಇಳಿಯುವ ಕೈ ಒಂದೇ ಒಂದು. ಅದನ್ನು ಹುಡುಕಿಕೊಂಡು ಶಾಲ್ಮಲಿ ಎಂಬ ಇಂಜಿನಿಯರು ಅಂಗಡಿಗೇ ಬಂದಳು. ಪ್ರವಾಹದಲ್ಲಿ ಸಿಕ್ಕಿಕೊಂಡ ಊರುಗಳಿಗೆ, ರಸ್ತೆಯಿಲ್ಲದ ಹಾಡಿಗಳಿಗೆ ಔಷಧಿ ಕಳಿಸಬೇಕು, ಕಾದು ನಿಂತವರ ಕೈಗೇ ತಲುಪಬೇಕು ಎಂದಳು. ಪಾಲಾಕ್ಷ ಒಪ್ಪಿಗೆಯ ಕಾಗದಗಳನ್ನು ಎರಡು ದಿನ ಓದಿ ಸಹಿ ಹಾಕಿದ. ಕೈ ಹಾದಿ ತಪ್ಪುತ್ತಿದೆಯೇ ಎಂದು ನೋಡಿಕೊಳ್ಳಲು ಕಂಪನಿಯಲ್ಲಿ ಅವನಿಗೇ ಕೆಲಸ ಸಿಕ್ಕಿತು. ಒಂದು ವರ್ಷ ಅವನ ಕೈ ಹಾವಿನ ವಿಷಕ್ಕೆ ಮದ್ದು, ಕೂಸುಗಳಿಗೆ ಲಸಿಕೆ ಹೊತ್ತು ತಿರುಗಿತು. ಅದು ಸುಳ್ಳಾಗಿರಲಿಲ್ಲ. ಆ ವರ್ಷವನ್ನು ನೆನೆದಾಗ ಪಾಲಾಕ್ಷನಿಗೆ ಈಗಲೂ ಯಾರನ್ನು ದೂರಬೇಕೆಂದು ತಿಳಿಯುವುದಿಲ್ಲ.

ಆಮೇಲೆ ಸಮುದ್ರದಾಚೆ ಯುದ್ಧ ಶುರುವಾಯಿತು.

ಅದು ರೇಡಿಯೋಗಳನ್ನು ಕುರುಡು ಮಾಡುವ ಯುದ್ಧ. ಎರಡೂ ಕಡೆಯವರು ಆಕಾಶದ ತುಂಬ ಗದ್ದಲದ ಅಲೆಗಳನ್ನು ತುಂಬಿಸಿದ್ದರಿಂದ ನೆಲದ ಮೇಲೆ ಕೂತು ವಿಮಾನ ನಡೆಸುವುದು ಆಗದ ಮಾತಾಯಿತು. ನಡೆಸುವ ಕೈ ವಿಮಾನದೊಳಗೇ ಇರಬೇಕು. ಆಟಿಕೆಯಂಥ ಫೋಮಿನ ವಿಮಾನ, ಹೊಟ್ಟೆಯಲ್ಲಿ ಒಂದು ಬಾಂಬು, ತಲೆಯಲ್ಲಿ ಒಂದು ಪಡಿಗೈ. ಗುರಿ ಸಿಕ್ಕರೆ ಬೀಳಿಸಬೇಕು, ಸಿಗದಿದ್ದರೆ ಹಾರಿಬಿಟ್ಟ ಸಿಪಾಯಿಯ ಬಳಿಗೇ ಮರಳಿ ಇಳಿಯಬೇಕು. ಹತ್ತಿರ ಬಂದಾಗ ಸಿಪಾಯಿಯ ಸಂಕೇತ ಸಿಕ್ಕಿ, ಸಿಡಿಯದಂತೆ ಬಾಂಬಿಗೆ ಬೀಗ ಬೀಳುತ್ತದೆ. ಹಾಗೆ ಮರಳಿ ಬರುವ ಕೈ ಯಾವುದಿದೆ ಎಂದು ಕೊಳ್ಳುವವರು ಕೇಳಿದರು. ಹನ್ನೊಂದು ಸಾವಿರ ವಿಮಾನಗಳಲ್ಲಿ ಪಾಲಾಕ್ಷನ ಕೈ ಕೂತಿತು. ಅವನಿಗೆ ಗೊತ್ತಾದದ್ದು ಮಾರಾಟವೆಲ್ಲ ಮುಗಿದ ಮೇಲೆ. ಸಹಿ ಮಾಡಿದ ಕಾಗದದಲ್ಲಿ ಔಷಧಿ ಎಂಬ ಮಾತು ಎಲ್ಲೂ ಇರಲಿಲ್ಲ. ಎರಡು ದಿನ ಓದಿದ್ದರೂ ಅದು ಅವನಿಗೆ ಹೊಳೆದಿರಲಿಲ್ಲ.

ಕಂಪನಿಯ ನಿಯಂತ್ರಣ ಕೊಠಡಿಯಲ್ಲಿ ತಣ್ಣನೆಯ ಗಾಳಿ, ಹನ್ನೆರಡು ಪರದೆ. ದಾರಿ ತಪ್ಪಿದ ವಿಮಾನಗಳ ಕೊನೆಯ ಏಳೆಂಟು ಸೆಕೆಂಡುಗಳ ಚಿತ್ರ, ಅಲೆಗಳ ಗದ್ದಲದಲ್ಲಿ ತೂರಿ ಬಂದಷ್ಟು, ಅಲ್ಲಿಗೆ ಬರುತ್ತಿತ್ತು. ಒಂದು ಮಂಗಳವಾರ ಪಾಲಾಕ್ಷ ಅಂಥ ನಲವತ್ತು ಚಿತ್ರಗಳನ್ನು ನೋಡುತ್ತಿದ್ದ. ಬಹಳಷ್ಟು ವಿಮಾನಗಳು ಬಯಲಿಗೆ ಬಿದ್ದಿದ್ದವು. ಮೂರು ಮಾತ್ರ ಬೇರೆ.

ಮೊದಲನೆಯದರಲ್ಲಿ ಒಂದು ಮನೆಯ ಅಂಗಳ. ಒಬ್ಬ ಹೆಂಗಸು ಸದ್ದಿಗೆ ತಲೆಯೆತ್ತಿ ನಿಂತಿದ್ದಳು. ವಿಮಾನ ಆತುರವಿಲ್ಲದೆ ತಗ್ಗಿತು, ಕೊನೆಯಲ್ಲಿ ಮೂಗನ್ನು ಸ್ವಲ್ಪ ಎತ್ತಿತು. ಆ ಎತ್ತುವುದನ್ನು ಪಾಲಾಕ್ಷ ಎಲ್ಲಿದ್ದರೂ ಗುರುತಿಸಬಲ್ಲ. ಅದು ಅವನ ಬಲ ಹೆಬ್ಬೆರಳು. ಆಮೇಲೆ ಪರದೆ ಬೆಳ್ಳಗಾಯಿತು.

ಎರಡನೆಯದರಲ್ಲೂ ಹೆಂಗಸು, ಮೂರನೆಯದರಲ್ಲೂ ಹೆಂಗಸು. ಮೂವರ ಸೊಂಟದ ಮೇಲೂ ಕೂಸು. ಕೂಸನ್ನು ಎತ್ತಿಕೊಂಡವರು ಒಂದು ಕಾಲಿನ ಮೇಲೆ ಭಾರ ಬಿಡುತ್ತಾರೆ, ಸೊಂಟ ಪಕ್ಕಕ್ಕೆ ಬರುತ್ತದೆ, ಎರಡು ಕೈ ಹೊಟ್ಟೆಯ ಮುಂದೆ ಕೂಡುತ್ತವೆ.

ಪಾಲಾಕ್ಷ ಮೂರು ಸಲ ನೋಡಿದ. ತನಗೆ ಹುಚ್ಚು ಹಿಡಿದಿದೆ ಎಂದುಕೊಂಡು ಮತ್ತೆ ಮೂರು ಸಲ ನೋಡಿದ. ಹಿಂದಿನ ತಿಂಗಳ ಚಿತ್ರಗಳನ್ನು ತೆಗೆದು ನೋಡಿದ. ಅಲ್ಲೂ ಇದ್ದವು. ಸಿಪಾಯಿಯ ಸಂಕೇತ ಸಿಗದೆ ಅಲೆಯುತ್ತಿದ್ದ ವಿಮಾನಗಳು ತಮಗೆ ಗೊತ್ತಿದ್ದ ಒಂದೇ ಆಕಾರವನ್ನು ಹುಡುಕಿಕೊಂಡು ಹೋಗಿ ಕಾಲ ಬುಡದಲ್ಲಿ ಇಳಿದಿದ್ದವು. ಬಾಂಬಿಗೆ ಬೀಗ ಹಾಕುವ ಸಂಕೇತ ಅಲ್ಲಿ ಕೊಡುವವರು ಯಾರೂ ಇರಲಿಲ್ಲ.

"ಮೇಡಂ, ಇದನ್ನ ನೀವು ಒಂಚೂರು ನೋಡ್ಬೇಕು," ಎಂದ. "ನನ್ನದೇ ತಪ್ಪು ಲೆಕ್ಕ ಇರಬಹುದು."

ಶಾಲ್ಮಲಿ ನೋಡಿದಳು. ಒಳ್ಳೆಯ ಹೆಂಗಸು, ಮೂರನ್ನೂ ಮತ್ತೊಮ್ಮೆ ಓಡಿಸಿ ನೋಡಿ ಕುರ್ಚಿಯಲ್ಲಿ ಹಿಂದಕ್ಕೊರಗಿದಳು.

"ನಿಮ್ಮ ಲೆಕ್ಕ ತಪ್ಪಿಲ್ಲ, ಪಾಲಾಕ್ಷ ಅವರೇ."

"ಹಂಗಾದ್ರೆ ಆ ಇಳಿಯೋ ಭಾಗ ತೆಗೆದುಹಾಕಿ ಮೇಡಂ."

"ಭಾಗ ಅಂತ ಇಲ್ಲ ಅದರಲ್ಲಿ. ಸಾರಿಗೆ ಹಾಕಿದ ಉಪ್ಪು ಹೆಂಗೆ ತೆಗೀತೀರಿ? ನಿಮ್ಮ ಕೈ ಇದ್ರೆ ಪೂರ್ತಿ ಇರತ್ತೆ."

"ಪೂರ್ತಿನೇ ತೆಗೀರಿ. ನನ್ನ ಕೈ ನನಗೆ ವಾಪಸ್ ಕೊಡಿ."

"ಅದನ್ನ ಕೊಳ್ಳೋರು ಒಪ್ಪಬೇಕಲ್ಲ. ನಲವತ್ತರಲ್ಲಿ ಮೂರು. ಅದೂ ಕಳೆದುಹೋದ ವಿಮಾನಗಳಲ್ಲಿ. ಇದನ್ನ ತಪ್ಪು ಅಂತ ಅವರು ಬರ್ಕೊಳ್ಳೋದೇ ಇಲ್ಲ." ಮುಖ ತೊಳೆದುಕೊಳ್ಳುವವಳಂತೆ ಅಂಗೈಗಳಿಂದ ಕೆನ್ನೆ ಉಜ್ಜಿಕೊಂಡಳು. "ಒಂದು ದಾರಿ ಇದೆ. ಅದೇ ಕೈ ಹೊಸದಾಗಿ ಕಲಿತರೆ ಬದಲಾಯಿಸೋಕೆ ಅವಕಾಶ ಇದೆ. ಆರು ತಿಂಗಳಿಗೆ ಒಂದು ಸಲ. ಒಮ್ಮೆ ಮೊಹರಾದ್ರೆ ಮತ್ತೆ ಆರು ತಿಂಗಳು ಯಾರೂ ಮುಟ್ಟೋ ಹಂಗಿಲ್ಲ. ಶತ್ರು ಬಂದು ಕೈ ಕೆಡಿಸಬಾರದು ಅಂತ ಆ ನಿಯಮ. ಈಗ ಬದಲಾಯಿಸೋ ಅವಧಿ ನಡೀತಿದೆ, ಅದು ಮುಗಿಯೋಕೆ ಇಪ್ಪತ್ತಾರು ದಿನ ಇದೆ."

ಮನೆಗೆ ಬಂದಾಗ ಅವನ ಹೆಂಡತಿ ಸರ್ವಮಂಗಳ ಅವರೆಕಾಳು ಹಿತುಕುತ್ತ ಕೂತಿದ್ದಳು. ಗಂಡನ ಊರುಗೋಲಿನ ಸದ್ದಿನಲ್ಲೇ ಅವಳಿಗೆ ಅರ್ಧ ತಿಳಿಯುತ್ತಿತ್ತು.

"ಏನ್ರೀ, ಮುಖ ಯಾಕೆ ಹಿಂಗೆ ಸಪ್ಪಗೆ?"

ಹೇಳಬಾರದು ಎಂದುಕೊಂಡೇ ಬಂದಿದ್ದ. ಹೇಳಿದ. ಕಂಪನಿಯ ಗುಟ್ಟನ್ನು ಹೊರಗೆ ಹೇಳಿದ ತಪ್ಪು ಬೇರೆ ತಲೆ ತಿನ್ನತೊಡಗಿತು. ಸರ್ವಮಂಗಳ ಕಾಳು ಹಿತುಕುವುದನ್ನು ನಿಲ್ಲಿಸಿದಳು.

"ಕೂಸು ಎತ್ಕೊಂಡೋರ ಹತ್ರನಾ?"

"ಹ್ಞೂಂ."

"ಅದಕ್ಕೇನು ಗೊತ್ತಾಗುತ್ತೆ ಬಿಡಿ. ಅದು ನೀವು ಅಂದ್ಕೊಂಡು ಹೋಗಿದೆ." ಕಾಳು ಪಕ್ಕಕ್ಕೆ ಸರಿಸಿ ಅಂದಳು, "ಕಲಿಸಿದೋರು ನೀವೇ ತಾನೆ? ಹಂಗಲ್ಲ ಹಿಂಗೆ ಅಂತ ಇನ್ನೊಂದ್ಸಲ ಕಲಿಸಿ."

"ದೂರ ಇಳಿಸಬೇಕಾಗುತ್ತೆ ಮಂಗಳ. ಮೈದಾನದ ಆ ಕೊನೇಲಿ. ಐವತ್ತು ಸಲ. ಪ್ರತಿ ಸಲ ಹೋಗಿ ತರೋದು ಯಾರು?"

"ಯಾಕೆ, ನಾನು ಸತ್ತೋಗಿದ್ದೀನಾ?"

"ನಮ್ಮ ಸಂಘದಲ್ಲಿ ಅವರವರ ವಿಮಾನ..."

"ನಿಮ್ಮ ಸಂಘದ ಕಾನೂನು ತಗೊಂಡೋಗಿ ಕೆರೆಗೆ ಹಾಕಿ. ಮದುವೆಯಾಗಿ ಇಪ್ಪತ್ತೊಂದು ವರ್ಷ ಆಯ್ತು, ಒಂದು ಲೋಟ ನೀರು ಕೇಳಿ ಇಸ್ಕೊಂಡಿಲ್ಲ ನೀವು. ಒಂದು ಕೆಲಸನಾದ್ರೂ ಮಾಡ್ಸಿಕೊಳ್ಳಿ ನನ್ನ ಕೈಲಿ."

ಹಾಗೆ ಶುರುವಾಯಿತು. ಬೆಳಿಗ್ಗೆ ಎಂಟಕ್ಕೆ, ಗಾಳಿ ಏಳುವ ಮೊದಲು, ಮೊಪೆಡ್ಡಿನ ಹಿಂದೆ ಸರ್ವಮಂಗಳ ಮಸ್ಟಾಂಗನ್ನು ತೊಡೆಯ ಮೇಲಿಟ್ಟುಕೊಂಡು ಕೂರುತ್ತಿದ್ದಳು. ಮೂಗಿನಲ್ಲಿ ಹೊಸ ಪೆಟ್ಟಿಗೆ. ಪಾಲಾಕ್ಷ ಸಾಲಿನಲ್ಲಿ ತನ್ನ ಜಾಗದಲ್ಲೇ, ಬೇಕೆಂದೇ ತನ್ನ ಹಳೆಯ ಭಂಗಿಯಲ್ಲೇ ನಿಲ್ಲುತ್ತಿದ್ದ. ಈ ಆಕಾರ ಕಂಡರೂ ಇಲ್ಲಿಗೆ ಇಳಿಯಬೇಡ, ಆಚೆ ಹೋಗು ಎಂದು ಕಲಿಸಬೇಕಿತ್ತು.

ಮೊದಲ ದಿನ ಎರಡು ಸಲ ರೆಕ್ಕೆ ಮುರಿಯಿತು. ನೂರು ಗಜದಾಚೆ ವಿಮಾನ ನೆಲದಿಂದ ಎಷ್ಟು ಮೇಲಿದೆ ಎಂದು ಕಣ್ಣಿಗೆ ಅಂದಾಜು ಸಿಗುವುದಿಲ್ಲ. ಹಾರಿಸುವವರೆಲ್ಲ ಅಂಥ ಕಡೆ ಒಂದು ಗುರುತು ಇಟ್ಟುಕೊಳ್ಳುತ್ತಾರೆ, ಅದನ್ನು ನೋಡಿ ಅಳೆಯುತ್ತಾರೆ.

"ಮಂಗಳ, ಆ ಕಲ್ಲಿನ ಹತ್ರ ನಿಂತ್ಕೋ," ಎಂದು ಕೂಗಿದ. "ಅಲ್ಲಾಡಬೇಡ. ನಿನ್ನ ನೋಡಿ ಇಳಿಸ್ತೀನಿ."

"ಮೈಮೇಲೆ ಬಿಟ್ಟೀರಾ ಮತ್ತೆ!"

"ಇಪ್ಪತ್ತು ವರ್ಷದಲ್ಲಿ ಯಾರ ಮೈಮೇಲಾದ್ರೂ ಬಿಟ್ಟಿದ್ದೀನಾ?"

ಅಂದವನು ತುಟಿ ಕಚ್ಚಿಕೊಂಡ. ಅವಳಿಗೆ ಅದು ಕೇಳಿಸಲಿಲ್ಲ, ಕಲ್ಲಿನತ್ತ ಹೊರಟಿದ್ದಳು.

ಆಮೇಲೆ ಒಂದೂ ಮುರಿಯಲಿಲ್ಲ. ಕಲ್ಲಿನ ಬಳಿ ಅವಳು ಒಂದು ಕೈಯಲ್ಲಿ ಸೆರಗು ಹಿಡಿದು, ಇನ್ನೊಂದನ್ನು ಬಿಸಿಲಿಗೆ ಹಣೆಗೆ ಅಡ್ಡ ಹಿಡಿದು ನಿಲ್ಲುವಳು. ವಿಮಾನ ಪಾಲಾಕ್ಷನ ತಲೆಯ ಪಕ್ಕದಿಂದ ಹಾದು, ಮೈದಾನ ದಾಟಿ, ಅವಳಿಂದ ಎರಡು ಮಾರು ಈಚೆ ನೆಲ ಮುಟ್ಟುವುದು. ಅವಳು ಅದನ್ನೆತ್ತಿಕೊಂಡು, ರೆಕ್ಕೆಗೆ ಮೆತ್ತಿದ ಧೂಳನ್ನು ಸೆರಗಿನಲ್ಲೇ ಒರೆಸುತ್ತ ನಡೆದು ಬರುವಳು. ಅವಳು ಬರುವುದನ್ನು ಇಲ್ಲಿಂದ ನೋಡುವುದು ಪಾಲಾಕ್ಷನಿಗೆ ಹೊಸದು. ಒಮ್ಮೊಮ್ಮೆ, ಎಂಥ ಕೆಲಸಕ್ಕಾಗಿ ಇದನ್ನು ಮಾಡುತ್ತಿದ್ದೇವೆ ಎನ್ನುವುದೇ ಅವನಿಗೆ ಮರೆತುಹೋಗುತ್ತಿತ್ತು. ಮರೆತದ್ದಕ್ಕೆ ಆಮೇಲೆ ಬೇಸರವಾಗುತ್ತಿತ್ತು.

ಒಂದು ದಿನ ಇಲಿಯಾಸ್ ಬಂದು ನೋಡಿದ. "ಏನಣ್ಣೋ, ಅತ್ತಿಗೆಯವರನ್ನ ಯುದ್ಧವಿಮಾನ ಬಿಟ್ಟು ಅಟ್ಟಿಸ್ಕೊಂಡು ಹೋಗ್ತಿದ್ದೀಯ?"

"ಅವರಲ್ಲ ಇಲಿಯಾಸಣ್ಣ, ನಾನೇ ಕರೀತಿದ್ದೀನಿ," ಎಂದಳು ಸರ್ವಮಂಗಳ. "ಇವರ ವಿಮಾನಕ್ಕೆ ಈಗ ಇವರಿಗಿಂತ ನಾನೇ ಇಷ್ಟ."

ಇಪ್ಪತ್ತು ದಿನಕ್ಕೆ ಐವತ್ತು ಹಾರಾಟ ಮುಗಿದವು. ಅವಳ ಮೂಗು, ಕೆನ್ನೆ ಬಿಸಿಲಿಗೆ ಕಪ್ಪಿಟ್ಟಿದ್ದವು.

ಪರೀಕ್ಷೆ ಕಂಪನಿಯ ಸ್ವಂತ ಬಯಲಿನಲ್ಲಿ. ನಡುವೆ ಒಂದು ಬೊಂಬೆ ನಿಲ್ಲಿಸಿದ್ದರು. ಒಂದು ಕಾಲಿನ ಮೇಲೆ ಭಾರ, ಸೊಂಟ ಪಕ್ಕಕ್ಕೆ, ಕೈಗಳು ಹೊಟ್ಟೆಯ ಮುಂದೆ. ಅದಕ್ಕೆ ಯಾರೋ ಹಳೆಯ ಅಂಗಿ ತೊಡಿಸಿದ್ದರು. ಪರೀಕ್ಷೆಯ ಹೊತ್ತಿನಲ್ಲಿ ಬಯಲಿಗೆ ಜನ ಇಳಿಯುವಂತಿಲ್ಲ ಎಂಬುದು ಸುರಕ್ಷತೆಯ ನಿಯಮ. ಎಲ್ಲರೂ ಗಾಜಿನ ಹಿಂದೆ ನಿಂತರು. ವಿಮಾನ ಬಂತು. ಬೊಂಬೆಯ ಕಡೆ ತಿರುಗಿತು. ಅದು ಬೊಂಬೆಯನ್ನು ಪಕ್ಕಕ್ಕೆ ಬಿಟ್ಟು, ನೂರು ಗಜ ಆಚೆ ಹೋಗಿ, ಬರಿಯ ನೆಲದ ಮೇಲೆ ಇಳಿದು ನಿಂತಿತು. ಮೂವತ್ತು ಸಲ ಹಾರಿಸಿದರು. ಮೂವತ್ತು ಸಲವೂ ಹಾಗೇ.

ಶಾಲ್ಮಲಿ ಅವನ ಕೈ ಕುಲುಕಿದಳು. ಅವಳ ಕಣ್ಣು ಒದ್ದೆಯಾಗಿತ್ತು. "ಸಿಪಾಯಿಗೂ ಇದೇ ಅನುಕೂಲ ಅಂತ ಬರೆದು ಒಪ್ಪಿಸಿದ್ದೀನಿ. ಮೈಮೇಲೆ ಬರಲ್ಲ, ಸ್ವಲ್ಪ ದೂರದಲ್ಲಿ ಇಳಿಯುತ್ತೆ ಅಂತ. ಒಪ್ಪಿಕೊಂಡ್ರು."

"ಇನ್ನೊಂದ್ಸಲ ನೋಡೋಣ್ವಾ ಮೇಡಂ? ಇನ್ನೂ ಆರು ದಿನ ಟೈಮಿದೆಯಲ್ಲ."

"ಮೂವತ್ತು ಸಲ ನೋಡಿದ್ವಿ, ಪಾಲಾಕ್ಷ ಅವರೇ. ಒಂದು ದಿನ ತಡ ಮಾಡಿದ್ರೆ ಅಲ್ಲಿ ಆ ಹಳೇ ಕೈ ಒಂದು ದಿನ ಜಾಸ್ತಿ ಹಾರುತ್ತೆ."

ಹಗಲು ಕಾಲೇಜಿನವರ ಮುಂದೆ ತನ್ನದೇನು ಎಂದು ಪಾಲಾಕ್ಷನಿಗೆ ಅನ್ನಿಸಿತು. ಅಂದು ಮಧ್ಯಾಹ್ನವೇ ಕೈಗೆ ಮೊಹರು ಬಿದ್ದು, ಹನ್ನೊಂದು ಸಾವಿರ ವಿಮಾನಗಳಿಗೆ ಹೋಯಿತು.

ಮೂರು ವಾರದ ಮೇಲೆ ಚಿತ್ರಗಳು ಬಂದವು. ಮತ್ತೆ ನಲವತ್ತು.

ಮೊದಲ ಚಿತ್ರದಲ್ಲಿ ಕೂಸನ್ನೆತ್ತಿಕೊಂಡ ಹೆಂಗಸೊಬ್ಬಳು ಅಂಗಳದಲ್ಲಿ ನಿಂತಿದ್ದಳು. ವಿಮಾನ ಅವಳನ್ನು ದಾಟಿಕೊಂಡು ಮುಂದೆ ಹೋಯಿತು. ಪಾಲಾಕ್ಷನಿಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ವಿಮಾನ ಮುಂದೆ ಒಂದು ಗದ್ದೆಯ ಮೇಲೆ ಹೋಗುತ್ತಿತ್ತು. ಗದ್ದೆಯ ಆ ಕೊನೆಯಲ್ಲಿ ಏನೋ ಕೀಳುತ್ತಿದ್ದ ಇನ್ನೊಬ್ಬ ಹೆಂಗಸು ಸದ್ದು ಕೇಳಿ ಸೊಂಟ ನೇರ ಮಾಡಿದಳು. ಹಣೆಗೆ ಕೈ ಅಡ್ಡ ಹಿಡಿದು ಮೇಲೆ ನೋಡಿದಳು. ವಿಮಾನ ತಗ್ಗಿತು. ಅವಳಿಂದ ಎರಡು ಮಾರು ಈಚೆ ಮೂಗನ್ನು ಸ್ವಲ್ಪ ಎತ್ತಿತು.

ಎರಡನೆಯದರಲ್ಲಿ ಸಿಪಾಯಿಗಳು ಸಾಲಾಗಿ ನಿಂತಿದ್ದರು. ವಿಮಾನ ಅವರನ್ನು ಬಿಟ್ಟು, ದೂರದ ಬೇಲಿಯ ಬಳಿ ಬಟ್ಟೆ ಒಣಹಾಕುತ್ತಿದ್ದವಳ ಕಡೆಗೆ ಹೋಯಿತು. ಮೂರನೆಯದರಲ್ಲಿ ಕೊಡ ಕೆಳಗಿಟ್ಟು ನೋಡುತ್ತಿದ್ದ ಮುದುಕಿ.

ಬಿಸಿಲಿನಲ್ಲಿ ವಿಮಾನದ ಸದ್ದು ಕೇಳಿದರೆ ಹಣೆಗೆ ಕೈ ಅಡ್ಡ ಹಿಡಿಯದವರು ಯಾರಿದ್ದಾರೆ?

ನಲವತ್ತನ್ನೂ ಎಣಿಸಿದ. ಮೂರು ಸಲ ಎಣಿಸಿದ. ಹತ್ತೊಂಬತ್ತು.

ಶಾಲ್ಮಲಿ ಬಂದು ಅವನ ಹಿಂದೆ ನಿಂತು ನೋಡಿದಳು. ಐದನೆಯ ಚಿತ್ರಕ್ಕೆ ಕೇಳಿದಳು, "ಆ ಮೈದಾನದಲ್ಲಿ ನೀವು ಕಲಿಸುವಾಗ ಆ ಕೊನೇಲಿ ಏನಿತ್ತು?"

"ಒಂದು ಕಲ್ಲು."

"ಬರೀ ಕಲ್ಲಾ?"

ಪಾಲಾಕ್ಷ ಪರದೆಯಿಂದ ಕಣ್ಣು ತೆಗೆಯಲಿಲ್ಲ. "ನಮ್ಮನೆಯವರು ನಿಂತಿದ್ರು ಮೇಡಂ. ವಿಮಾನ ಎತ್ಕೊಂಡು ಬರೋಕೆ. ಅವರನ್ನ ನೋಡ್ಕೊಂಡೇ ನಾನು ಇಳಿಸಿದ್ದು. ಐವತ್ತು ಸಲ."

ಪರೀಕ್ಷೆಯ ಬಯಲಿನಲ್ಲಿ ಬೊಂಬೆ ಒಂದೇ ಇತ್ತು. ಕೊನೆಯಲ್ಲಿ ಯಾರೂ ಇರಲಿಲ್ಲ. ಆದ್ದರಿಂದ ಅದು ಬರಿಯ ನೆಲಕ್ಕೆ ಇಳಿದಿತ್ತು. ಒಬ್ಬ ಹೆಂಗಸು ಅಲ್ಲಿ ನಿಂತಿದ್ದರೆ ಮೊದಲ ಸಲಕ್ಕೇ ತಿಳಿಯುತ್ತಿತ್ತು. ನಿಲ್ಲುವಂತಿಲ್ಲ ಎಂದು ನಿಯಮವಿತ್ತು.

"ಮೊಹರು ಒಡೀರಿ," ಎಂದ ಪಾಲಾಕ್ಷ. ಅವನ ದನಿ ಅವನಿಗೇ ಹೊಸದಾಗಿ ಕೇಳಿಸಿತು. "ಮತ್ತೆ ಕಲಿಸ್ತೀನಿ. ಈ ಸಲ ಯಾರೂ ಇರಲ್ಲ. ನಾನೇ ತೆವಳಿಕೊಂಡು ಹೋಗಿ ತರ್ತೀನಿ."

"ಆರು ತಿಂಗಳು ಆಗಲ್ಲ. ನಿಮಗೆ ಗೊತ್ತು."

"ಅವರಿಗೆ ಹೇಳಿ. ಮೂರಿದ್ದದ್ದು ಹತ್ತೊಂಬತ್ತಾಗಿದೆ ಅಂತ ಹೇಳಿ."

"ನಿನ್ನೇನೇ ಹೇಳಿದೆ. ನಿಮಗಿಂತ ಮುಂಚೆ ನಾನು ಎಣಿಸಿದ್ದೆ." ಅವಳು ಖಾಲಿ ಕುರ್ಚಿಯೊಂದರಲ್ಲಿ ಕುಸಿದಳು. "ಸಿಪಾಯಿಗಳಿಗೆ ಒಂದೂ ಏಟು ಬಿದ್ದಿಲ್ಲ, ಕೈ ಬಹಳ ಚೆನ್ನಾಗಿದೆ ಅಂತ ಉತ್ತರ ಬಂತು. ಇನ್ನೂ ಐದು ಸಾವಿರ ಬೇಕಂತೆ."

ಪಾಲಾಕ್ಷ ರಾಜೀನಾಮೆ ಬರೆದ. ಬರೆಯುತ್ತಿದ್ದ ಬಲಗೈಯನ್ನೇ ನೋಡುತ್ತ ಒಂದಷ್ಟು ಹೊತ್ತು ಕೂತ. ತಾನು ಹೊರಗೆ ಹೋದರೆ ಆರು ತಿಂಗಳ ಮೇಲೆ ಹೊಸದಾಗಿ ಕಲಿಸಲು ಒಳಗೆ ಯಾರಿರುತ್ತಾರೆ ಎಂದು ಯೋಚಿಸಿದ. ಒಳಗಿದ್ದು ಕಲಿಸಿದರೆ ಇನ್ನಾವ ತಪ್ಪು ಕಲಿಸಿಬಿಡುತ್ತೇನೋ ಎಂದೂ ಯೋಚಿಸಿದ. ಕಾಗದವನ್ನು ಹರಿಯಲೂ ಇಲ್ಲ, ಕೊಡಲೂ ಇಲ್ಲ. ಮಡಿಸಿ ಮೇಜಿನ ಡ್ರಾಯರಿನಲ್ಲಿಟ್ಟ. ಸಂಜೆ ಐದೂವರೆಗೆ ಎಂದಿನಂತೆ ಮನೆಗೆ ಹೊರಟ.

ಸರ್ವಮಂಗಳ ಬಾಗಿಲಲ್ಲೇ ಇದ್ದಳು. ಮೂರು ವಾರದಿಂದ ಅವಳು ದಿನವೂ ಕೇಳುತ್ತಿದ್ದದ್ದು ಒಂದೇ ಮಾತು.

"ಬಂದ್ವಾ ಚಿತ್ರಗಳು?"

"ಬಂದ್ವು."

"ಏನಂತೆ? ಕೂಸು ಎತ್ಕೊಂಡೋರ ಹತ್ರ ಹೋಗ್ತಾ ಇವ್ಯಾ ಇನ್ನೂ?"

"ಇಲ್ಲ," ಎಂದ ಪಾಲಾಕ್ಷ. "ಅವರ ಹತ್ರ ಹೋಗಲ್ಲ ಈಗ. ಅವರನ್ನ ಬಿಟ್ಟು ಮುಂದೆ ಹೋಗ್ತವೆ."

"ನಿಜ ಹೇಳಿ."

"ನಾನೇ ಕಣ್ಣಾರೆ ನೋಡಿದೆ."

ಸರ್ವಮಂಗಳ ಕಣ್ಣು ಮುಚ್ಚಿ, ಕೈಜೋಡಿಸಿ ಎರಡೂ ಕೈಯನ್ನು ಹಣೆಗೆ ತಾಗಿಸಿಕೊಂಡಳು. ಆಮೇಲೆ ಹಗುರಾಗಿ ನಕ್ಕಳು. ಬಿಸಿಲಿಗೆ ಸುಟ್ಟ ಕೆನ್ನೆಯ ಕಪ್ಪು ಇನ್ನೂ ಹೋಗಿರಲಿಲ್ಲ.

"ಹಂಗಾದ್ರೆ ನಾನು ಇಪ್ಪತ್ತು ದಿನ ಆ ಬಿಸಿಲಲ್ಲಿ ನಿಂತಿದ್ದು ದಂಡ ಆಗ್ಲಿಲ್ಲ ಬಿಡಿ."

"ಇಲ್ಲ," ಎಂದ. ಊರುಗೋಲನ್ನು ಗೋಡೆಗೆ ಒರಗಿಸಲು ಹೋದ. ಅದು ಜಾರಿತು, ಮತ್ತೆ ಒರಗಿಸಿದ. "ನೀನು ನಿಂತಿದ್ದಕ್ಕೇ ಅದು ಕಲೀತು."

ಅವಳ ಮುಖ ಅರಳಿತು. "ಕೂತ್ಕೊಳ್ಳಿ, ಕಾಫಿ ಇಡ್ತೀನಿ. ಒಂದು ನಿಮಿಷ ಇರಿ, ಪಕ್ಕದ ಮನೆ ರೇಣುಕಮ್ಮಂಗೆ ಹೇಳಿ ಬಂದ್ಬಿಡ್ತೀನಿ. ಪಾಪ, ಅವರೂ ದಿನಾ ಕೇಳ್ತಿದ್ರು."

ಯಾರಿಗೂ ಹೇಳಬೇಡ ಎನ್ನಲು ಪಾಲಾಕ್ಷ ಬಾಯಿ ತೆರೆದ. ಅಷ್ಟರಲ್ಲಿ ಅವಳು ಮೆಟ್ಟಿಲಿಳಿದಿದ್ದಳು. ಕಿಟಕಿಯಾಚೆ, ಕಾಂಪೌಂಡಿನ ಆ ಕಡೆಯಿಂದ, ಅವಳ ಮಾತು ಕೇಳಿಸುತ್ತಿತ್ತು. ಕಲ್ಲಿನ ಹತ್ತಿರ ಹೇಗೆ ನಿಂತಿದ್ದೆ, ವಿಮಾನ ಹೇಗೆ ನೇರವಾಗಿ ತನ್ನ ಕಡೆಗೇ ಬರುತ್ತಿತ್ತು, ಒಂದು ಸಲವೂ ತಾನು ಹೆದರಿ ಪಕ್ಕಕ್ಕೆ ಸರಿಯಲಿಲ್ಲ ಎಂದು ಅವಳು ನಗುತ್ತ ಹೇಳುತ್ತಿದ್ದಳು.